ಅಂಚಿನ ಒಂದೂವರೆ ಮೊಳ

ನನ್ನ ಸಂಶೋಧನಾ ಪ್ರಬಂಧದ ಅರವತ್ತೊಂದನೇ ಪುಟದ ಕೆಳಗೆ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ಒಂದು ಅಡಿಟಿಪ್ಪಣಿ ಇದೆ: “ಈ ಪರಿಹಾರ ಅಂಚಿನಿಂದ ದೂರದಲ್ಲಿ ಮಾತ್ರ ಅನ್ವಯಿಸುತ್ತದೆ.” ಅನ್ವಯಿಕ ಗಣಿತ ಓದಿದವರು ಇಂಥ ವಾಕ್ಯಗಳನ್ನು ಬರೆಯುತ್ತಲೇ ಇರುತ್ತಾರೆ. ಬರೆದು ಚಹಾ ಕುಡಿಯಲು ಹೋಗುತ್ತಾರೆ. ನಾನೂ ಹೋಗಿದ್ದೆ. ಅವತ್ತು ಕ್ಯಾಂಟೀನಿನಲ್ಲಿ ಮಿರ್ಚಿ ಭಜಿ ಇತ್ತು, ಎರಡು ತಿಂದಿದ್ದೆ ಎಂಬುದೂ ನೆನಪಿದೆ. ಅಷ್ಟು ನಿಶ್ಚಿಂತೆಯಿಂದ ತಿಂದಿದ್ದನ್ನು ನೆನೆಸಿಕೊಂಡರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನನ್ನ ಹೆಸರು ಹುಲಿಗೆಮ್ಮ. ಹುಟ್ಟಿದ್ದು ಗುಂಡಲಬಂಡೆ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಗಳಲ್ಲಿ. ಅಪ್ಪ ಗಣಿಯೊಳಗೆ ಇಳಿಯುತ್ತಿದ್ದ. ಎದೆಯಲ್ಲಿ ಕಲ್ಲಿನ ಧೂಳು ಕೂತು, ನಾನು ಹತ್ತನೇ ತರಗತಿಯಲ್ಲಿದ್ದಾಗ ತೀರಿಕೊಂಡ. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟವರು ಅಪ್ಪನ ಜೊತೆಗಾರ ಮೌಲಾಸಾಬರು. ನನಗೆ ಅವರು ಮೌಲಾ ಕಾಕಾ. ವಿಶ್ವವಿದ್ಯಾಲಯಕ್ಕೆ ಸೇರುವ ದಿನ ನನ್ನ ಕಬ್ಬಿಣದ ಟ್ರಂಕು ಹೆಗಲ ಮೇಲೆ ಹೊತ್ತು ಬಸ್ ಹತ್ತಿದವರೂ ಅವರೇ.

“ಈ ಲೆಕ್ಕಾ ಓದಿ ಏನ್ ಮಾಡ್ತಿಯವ್ವಾ?” ಎಂದು ದಾರಿಯಲ್ಲಿ ಕೇಳಿದರು.

“ನೀರು, ಗಾಳಿ, ಕಲ್ಲು, ಇವೆಲ್ಲಾ ಹೆಂಗ ನಡಕೋತಾವ ಅನ್ನೋದನ್ನ ಸಮೀಕರಣದಾಗ ಹಿಡಿಯೋದು ಕಾಕಾ.”

“ಹಿಡದ ಮ್ಯಾಲ?”

ನಾನು ಕಿಟಕಿಯಾಚೆ ನೋಡಿದೆ. ಅವರು ನಕ್ಕು ನನಗೊಂದು ಬಾಳೆಹಣ್ಣು ಕೊಟ್ಟರು.

ಕಾಕಾನ ಕೆಲಸಕ್ಕೆ ಗಣಿಯಲ್ಲಿ ‘ಬಡಿಯುವುದು’ ಎಂದೇ ಹೆಸರು. ಸ್ಫೋಟವಾಗಿ ಹೊಗೆ ಇಳಿದ ಮೇಲೆ ಎಲ್ಲರಿಗಿಂತ ಮೊದಲು ಅವರು ಒಳಗೆ ಹೋಗಬೇಕು. ಉದ್ದನೆಯ ಕಬ್ಬಿಣದ ಸಲಾಕಿಯಿಂದ ಮೇಲಿನ ಬಂಡೆಯನ್ನು ಗೇಣು ಗೇಣಿಗೆ ಬಡಿದು, ಕಿವಿಗೊಟ್ಟು ಕೇಳಬೇಕು. ಟಣ್ ಎಂದರೆ ಗಟ್ಟಿ, ಡಬ್ ಎಂದರೆ ಬಂಡೆ ಒಳಗೆ ಬಿರುಕು ಬಿಟ್ಟಿದೆ. ಅವರು “ಕುಂದರ್ರಿ” ಎಂದ ಕಡೆ ಮಾತ್ರ ಉಳಿದವರು ಕೂರುತ್ತಿದ್ದರು, ಊಟ ಬಿಚ್ಚುತ್ತಿದ್ದರು. ಕೂರುವುದು ಯಾವಾಗಲೂ ಗೋಡೆಗೆ ಬೆನ್ನು ಹಚ್ಚಿ. ಗೋಡೆ ತಾಯಿಯ ಹಾಗೆ ಹಿಂದೆ ನಿಂತಿರುತ್ತದೆ ಎಂಬುದು ಗಣಿಯವರ ನಂಬಿಕೆ. ಅಪ್ಪ ಮನೆಯಲ್ಲೂ ಹಾಗೆಯೇ, ಗೋಡೆಗೆ ಬೆನ್ನು ಹಚ್ಚಿಯೇ ಉಣ್ಣುತ್ತಿದ್ದ.

ಒಬ್ಬ ಮನುಷ್ಯನ ಕಿವಿಯ ಬದಲು ಬಂಡೆಯೇ ತನ್ನ ಒಳಗನ್ನು ತೋರಿಸುವಂತಾದರೆ? ಎಂ.ಎಸ್ಸಿ. ಎರಡನೇ ವರ್ಷದಲ್ಲಿ ಈ ಪ್ರಶ್ನೆ ನನ್ನ ತಲೆ ಹೊಕ್ಕಿತು, ಸಂಶೋಧನೆಗೆ ಸೇರಿದಾಗಲೂ ಬಿಡಲಿಲ್ಲ. ನಾಲ್ಕು ವರ್ಷದಲ್ಲಿ ಅದೇ ‘ಬಂಡೆಗನ್ನಡಿ’ ಆಯಿತು. ಸಾಸಿವೆ ಗಾತ್ರದ ಸಾವಿರಾರು ಸಂವೇದಕಗಳನ್ನು ಸಿಮೆಂಟಿನ ಜೊತೆ ಕಲಸಿ, ಪಂಪಿನಿಂದ ಗಣಿಯ ಮಾಳಿಗೆಗೆ, ಅಂದರೆ ತಲೆಯ ಮೇಲಿನ ಬಂಡೆಗೆ, ಎರಚುತ್ತಾರೆ. ಅವು ಅಂಟಿಕೊಂಡು, ಬಂಡೆಯ ಸೂಕ್ಷ್ಮ ನಡುಕವನ್ನು ಮೇಲಕ್ಕೆ ಕಳಿಸುತ್ತವೆ. ಎರಡು ಸಾಸಿವೆಗಳ ನಡುವಿನ ಜಾಗದಲ್ಲಿ ಏನಾಗುತ್ತಿದೆ ಎಂದು ಹೇಳುವುದು ಮಾತ್ರ ಸಂವೇದಕವಲ್ಲ, ಸಮೀಕರಣ. ಆ ಸಮೀಕರಣ ನನ್ನದು. ನಿಯಂತ್ರಣ ಕೊಠಡಿಯ ದೊಡ್ಡ ಪರದೆಯ ಮೇಲೆ ಇಡೀ ಗಣಿಯ ಮಾಳಿಗೆ ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ಕಾಣತೊಡಗಿದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಕಾ ಪರದೆಯ ಹತ್ತಿರ ಹೋಗಿ ಬೆರಳಿನಿಂದ ಅದನ್ನು ಮೆಲ್ಲಗೆ ಬಡಿದು ನೋಡಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಮಾಳಿಗೆಯ ಅಂಚಿನಲ್ಲಿ, ಅದೂ ಗೋಡೆಯೂ ಕೂಡುವ ಮೂಲೆಯಲ್ಲಿ ಮಾತ್ರ ಎರಚಿದ ಸಿಮೆಂಟು ಪುಟಿದು ಕೆಳಗೆ ಬೀಳುತ್ತದೆ, ಸಾಸಿವೆ ನಿಲ್ಲುವುದಿಲ್ಲ. ಅಲ್ಲಿ ಹೇಳುವುದಕ್ಕೆ ಇರುವುದು ಸಮೀಕರಣ ಒಂದೇ.

ಈಗ ಆ ಸಮೀಕರಣದ ಕಥೆ ಹೇಳಬೇಕು. ತಪ್ಪಿಸಿಕೊಳ್ಳುವ ಆಸೆಯಿದೆ, ಆದರೆ ಹೇಳದಿದ್ದರೆ ಉಳಿದದ್ದಕ್ಕೆ ಅರ್ಥವಿಲ್ಲ.

ನಮಗೆ ಪಾಠ ಹೇಳಿದವರು, ಆಮೇಲೆ ನನಗೆ ಮಾರ್ಗದರ್ಶಕರಾದವರು ಪ್ರೊಫೆಸರ್ ವಸುಂಧರಾ ಕಟ್ಟಿ. ಮೇಡಂ ಬೋರ್ಡಿನ ಎಡಗಡೆಯಿಂದ ಬಲಗಡೆಯವರೆಗೆ ಒಂದು ಸಮೀಕರಣ ಬರೆದು, ಅದರ ಪ್ರತಿಯೊಂದು ಪದವನ್ನೂ ತರಕಾರಿಯವಳ ಹಾಗೆ ತೂಗುತ್ತಿದ್ದರು. ಇದು ದೊಡ್ಡದು, ಇದು ಅದರ ಅರ್ಧ, ಇದು ಮಾತ್ರ ನೂರರಲ್ಲಿ ಒಂದು ಪಾಲೂ ಇಲ್ಲ. ಹಾಗೆ ತೀರ ಸಣ್ಣದನ್ನು ಕೈಬಿಟ್ಟರೆ, ಬಿಡಿಸಲು ಬಾರದ ಸಮೀಕರಣ ಬಿಡಿಸಲು ಬರುತ್ತದೆ. ಇದರಲ್ಲಿ ಮೋಸವಿಲ್ಲ, ಭೌತ ವಿಜ್ಞಾನಕ್ಕೆ ಬೇಕಾದ ಗಣಿತದಲ್ಲಿ ಅರ್ಧ ವಿದ್ಯೆ ಇದೇ. ಆದರೆ ಮೇಡಂ ಚಾಕ್‌ಪೀಸ್ ಎತ್ತಿ ಒಂದು ಎಚ್ಚರಿಕೆ ಕೊಟ್ಟಿದ್ದರು.

“ಸಣ್ಣದನ್ನ ಬಿಡ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಬಿಡೂ ಮೊದಲ ಅದು ಎಲ್ಲಿ ನಿಂತದ ನೋಡ್ರಿ. ಬಾಗೂದನ್ನ ಹೇಳೂ ಪದದ ಮುಂದ ನಿಂತಿದ್ರ, ನಡುವ ಅದು ಏನೂ ಅಲ್ಲ. ಅಂಚಿಗೆ ಬಂದ್ರ ಅದೇ ಎಲ್ಲಾ.”

ನಾನು ಇದನ್ನು ಬರೆದುಕೊಂಡಿದ್ದೆ, ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೆ. ಪರೀಕ್ಷೆಯಲ್ಲಿ ಏಳನೇ ಪ್ರಶ್ನೆ ಇದರ ಮೇಲೆಯೇ ಬಂದಿತ್ತು. ಹತ್ತಕ್ಕೆ ಹತ್ತು ಅಂಕ ಬಂದಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ದಾರಿಯೂ ನನಗಿಲ್ಲ.

ಗಣಿಯ ಮಾಳಿಗೆ ಎಂದರೆ ಬೋಲ್ಟುಗಳಿಂದ ಬಿಗಿದು ನಿಲ್ಲಿಸಿದ ಕಲ್ಲಿನ ಪದರ. ನನ್ನ ಸಮೀಕರಣದಲ್ಲಿ ಆ ಕಲ್ಲು ಬಾಗುವುದನ್ನು ಹೇಳುವ ಪದ ತೀರ ಸಣ್ಣದಾಗಿತ್ತು. ಅದನ್ನು ಇಟ್ಟುಕೊಂಡರೆ ಗಣಿಯ ಒಂದು ಹಂತದ, ಅಂದರೆ ಒಂದೇ ಆಳದ ಸುರಂಗಗಳ, ಮಾಳಿಗೆಯನ್ನು ಲೆಕ್ಕ ಹಾಕಲು ಯಂತ್ರಕ್ಕೆ ನಲವತ್ತು ನಿಮಿಷ ಬೇಕಾಗುತ್ತಿತ್ತು. ಬಿಟ್ಟರೆ ಮೂರು ಸೆಕೆಂಡು. ಬಣ್ಣ ಐದು ಸೆಕೆಂಡಿನೊಳಗೆ ಬದಲಾಗಬೇಕು ಎಂಬುದು ಗಣಿಯವರ ಷರತ್ತು, ಪ್ರಾತ್ಯಕ್ಷಿಕೆಗೆ ಉಳಿದಿದ್ದು ಹನ್ನೊಂದು ದಿನ. ಬಿಟ್ಟೆ. ಆಮೇಲೆ ಸೇರಿಸಿದರಾಯಿತು ಎಂದುಕೊಂಡೆ.

ಪ್ರಬಂಧಕ್ಕೆ ಸಹಿ ಹಾಕುವಾಗ ಮೇಡಂ ಕೇಳಿದ್ದರು: “ಅಂಚಿನ ಕಥಿ ಏನು?”

“ಅಡಿಟಿಪ್ಪಣಿ ಹಾಕೀನ್ರಿ.”

“ಸಾಕು ಹಂಗಾರ.”

ಅಂಚಿನಲ್ಲಿ ಯಾರು ಕೂರುತ್ತಾರೆ ಎಂದು ಮೇಡಂಗೆ ಗೊತ್ತಿರಲಿಲ್ಲ. ಇಡೀ ವಿಶ್ವವಿದ್ಯಾಲಯದಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ.

ಬಂಡೆಗನ್ನಡಿ ಬಂದ ಮೇಲೆ ಗುಂಡಲಬಂಡೆಯ ಬದುಕೇ ಬೇರೆಯಾಯಿತು. ಅದನ್ನು ನೋಡಿಕೊಳ್ಳಲು ಗಣಿಯವರು ನನ್ನನ್ನೇ ಕೆಲಸಕ್ಕೆ ತೆಗೆದುಕೊಂಡರು. ಸಲಾಕಿಗಳನ್ನು ಒಟ್ಟುಮಾಡಿ ಗೋದಾಮಿಗೆ ಹಾಕಿದರು. ಒಳಗೆ ಇಳಿಯುವವರ ಪ್ರತಿ ಮನೆಗೂ ಒಂದು ಪುಟ್ಟ ದೀಪ ಕೊಟ್ಟರು. ಮನೆಯವನು ಕೆಲಸ ಮಾಡುವ ಜಾಗದ ಮಾಳಿಗೆ ಗಟ್ಟಿಯಿದ್ದರೆ ದೀಪ ಹಸಿರು. ಹೆಂಗಸರು ಅದನ್ನು ಅಡುಗೆಮನೆಯ ಗೂಡಿನಲ್ಲಿ, ದೇವರ ಪಕ್ಕದಲ್ಲಿ ಇಟ್ಟರು. ಗಣಿಯ ಸೈರನ್ನಿಗೆ ಬೆಚ್ಚಿಬೀಳುತ್ತಿದ್ದ ನನ್ನ ಅವ್ವನ ವಯಸ್ಸಿನವರೆಲ್ಲ ಮೊದಲ ಸಲ ನೆಮ್ಮದಿಯಾಗಿ ರೊಟ್ಟಿ ಬಡಿದರು. ದೀಪದ ಕೆಳಗೆ ಒಂದು ಗುಂಡಿಯೂ ಇತ್ತು. ಮನೆಯಿಂದ ಒತ್ತಿದರೆ ಒಳಗಿನವನ ಟೊಪ್ಪಿಗೆ ಜುಂ ಎನ್ನುತ್ತದೆ. ಅವನು ತಿರುಗಿ ಒತ್ತಿದರೆ ದೀಪ ಎರಡು ಸಲ ಮಿಣುಕುತ್ತದೆ. ದೀಪ ಕೆಂಪಾದರೆ ಎಚ್ಚರಿಸಲು ಎಂದು ಇಟ್ಟ ಗುಂಡಿ ಅದು. ಲೈನ್ ಮನೆಯವರು ಅದನ್ನು ಊಟಕ್ಕೆ ಕರೆಯಲು ಬಳಸಿದರು.

“ಏ ಹುಲಿಗಿ, ನಿನ್ನ ದೀಪದ ಕಾಲಾಗ ಸಾಕಾಗೈತಿ ನೋಡು,” ಎಂದು ಒಂದು ದಿನ ಅಮರೇಶ ಗಣಿಯ ಬಾಗಿಲಲ್ಲಿ ನನ್ನನ್ನು ತಡೆದು ಕಾಡಿಸಿದ. ಶಾಲೆಯಲ್ಲಿ ನನ್ನ ಹಿಂದಿನ ಬೆಂಚಿನಲ್ಲಿ ಕೂತು ಜಡೆ ಎಳೆಯುತ್ತಿದ್ದವನು. “ಹನ್ನೆರಡೂವರಿ ಆತಂದ್ರ ನಮ್ಮವ್ವ ಗುಂಡಿ ಒತ್ತತಾಳ. ಉಂಡಿಯೇನು, ಉಂಡಿಯೇನು. ತಲಿ ಮ್ಯಾಲ ಜುಂಯ್, ಜುಂಯ್. ಎಲ್ಲಾರೂ ನಗತಾರಬೇ.”

“ಉಣ್ಣು ಮತ್ತ, ಹೊತ್ತಿಗೆ ಸರಿಯಾಗಿ.”

“ಉಣ್ತೀನಿ ತಾಯಿ, ಲೆಕ್ಕದ ಮಾಸ್ತರಮ್ಮ ಹೇಳಿದ ಮ್ಯಾಲ ಇಲ್ಲ ಅನ್ನಾಕ ಬರ್ತೈತೇನು?”

ಅದು ಅವನು ನನ್ನ ಜೊತೆ ಆಡಿದ ಕೊನೆಯ ಮಾತು. ಹದಿನೈದು ದಿನದ ನಂತರ, ಮಧ್ಯಾಹ್ನ ಹನ್ನೆರಡೂ ನಲವತ್ತಕ್ಕೆ, ಹದಿನೇಳನೇ ಹಂತದ ಮೂಡಣ ಸುರಂಗದಲ್ಲಿ ಮೂಲೆಯ ಬಂಡೆ ಕಳಚಿ ಬಿತ್ತು. ಅಗಲ ಒಂದೂವರೆ ಮೊಳ. ಅಮರೇಶ ಗೋಡೆಗೆ ಬೆನ್ನು ಹಚ್ಚಿ ಊಟಕ್ಕೆ ಕೂತಿದ್ದ. ಎದುರುಗಡೆ ಕೂತಿದ್ದ ನಾಲ್ವರಿಗೆ ಒಂದು ಗೀರೂ ಆಗಲಿಲ್ಲ.

ಆ ಹೊತ್ತಿಗೆ ನಾನು ನಿಯಂತ್ರಣ ಕೊಠಡಿಯಲ್ಲಿ, ಪರದೆಯ ಮುಂದೆಯೇ ಇದ್ದೆ. ಫೋನು ಬಂತು, ಜನ ಓಡಿದರು, ಸೈರನ್ ಆಯಿತು. ನಾನು ಪರದೆ ನೋಡಿದೆ. ಹದಿನೇಳನೇ ಹಂತ ಮೂಡಣ ಸುರಂಗ: ಹಸಿರು. ಹೆಣ ಮೇಲೆ ಬಂದಾಗಲೂ ಹಸಿರು. ಆ ಹಸಿರಿನ ಅಂಚನ್ನು ನೋಡಿದ ಕೂಡಲೇ ನನಗೆ ಏಳನೇ ಪ್ರಶ್ನೆ ನೆನಪಾಯಿತು. ಯಾರೂ ಹೇಳಬೇಕಾಗಲಿಲ್ಲ, ಲೆಕ್ಕ ಹಾಕಬೇಕಾಗಲಿಲ್ಲ.

ವಿಚಾರಣೆ ಮೂರು ದಿನ ನಡೆಯಿತು. ವಿಚಾರಣಾಧಿಕಾರಿ ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ.

“ಆ ಸಮಯದಲ್ಲಿ ಪರದೆ ಏನು ತೋರಿಸುತ್ತಿತ್ತು?”

“ಹಸಿರು.”

“ಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತೇ?”

“ಅದಕ್ಕೆ ಹೇಳಿಕೊಟ್ಟ ಹಾಗೆ ಕೆಲಸ ಮಾಡುತ್ತಿತ್ತು.”

ಎರಡೂ ನಿಜ. ನಿಜ ಹೇಳಿಯೂ ಇಷ್ಟು ದೊಡ್ಡ ಸುಳ್ಳು ಹೇಳಬಹುದು ಎಂದು ನನಗೆ ಅವತ್ತು ತಿಳಿಯಿತು. ನನ್ನ ನಂತರ ಕಾಕಾನನ್ನು ಕರೆದರು. ಆ ಪಾಳಿಗೆ ಅವರೇ ಹಿರಿಯರು.

“ಅವನಿಗೆ ಅಲ್ಲಿ ಕೂರಲು ಹೇಳಿದವರು ಯಾರು?”

“ನಾನರೀ ಸಾಹೇಬ್ರ. ಮೂಲ್ಯಾಗ ತಂಪ ಇರ್ತೈತಿ, ಅಲ್ಲಿ ಕುಂದರಪಾ ಅಂದೆ.”

“ನೀವು ಬಡಿದು ನೋಡಿದ್ದಿರಾ?”

“ಇಲ್ಲರೀ. ಹಸಿರ ಇತ್ತು. ಬಡೀಲಿಲ್ಲ,” ಎಂದರು.

ಸಲಾಕಿಯನ್ನು ಕಸಿದುಕೊಂಡವರು ನಾವೇ ಎಂದು ಅವರು ಹೇಳಲಿಲ್ಲ. ಯಂತ್ರದ ದೋಷವಿಲ್ಲ, ಹಿರಿಯ ಕಾರ್ಮಿಕನ ಅಲಕ್ಷ್ಯ ಎಂದು ವರದಿ ಬಂತು. ಮೂವತ್ತೊಂದು ವರ್ಷ ಒಳಗೆ ಇಳಿಯುವಾಗ ಕೊರಳಿಗೆ ಹಾಕಿಕೊಳ್ಳುತ್ತಿದ್ದ ಹಿತ್ತಾಳೆಯ ಟೋಕನ್ನನ್ನು ಅವರು ಮೇಜಿನ ಮೇಲೆ ಇಟ್ಟು ಹೊರಗೆ ಬಂದರು. ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನ ಭುಜ ತಟ್ಟಿ, “ನೀ ಯಾಕ ಅಳತಿ ಹುಚ್ಚಿ? ನಿಂದೇನು ತಪ್ಪೈತಿ?” ಎಂದು ಅವರೇ ನನಗೆ ಸಮಾಧಾನ ಹೇಳಿದರು.

ಮರುದಿನ ಮೇಡಂ ಹತ್ತಿರ ಓಡಿದೆ. ಎಲ್ಲ ಕೇಳಿ ಅವರ ಮುಖ ಬಿಳಿಚಿಕೊಂಡಿತು. ಆಮೇಲೆ ಪ್ರಬಂಧ ತೆಗೆದು ಅರವತ್ತೊಂದನೇ ಪುಟ ತೋರಿಸಿದರು. “ಟಿಪ್ಪಣಿ ಇಲ್ಲೇ ಅದ. ನೀ ಹೇಳೀದಿ. ಅವರು ಓದಿಲ್ಲ, ಅಷ್ಟ.” ನನ್ನನ್ನು ಉಳಿಸಬೇಕು ಎಂದು ಹೇಳಿದರೋ, ತಮ್ಮನ್ನು ಉಳಿಸಿಕೊಳ್ಳಬೇಕು ಎಂದೋ ಗೊತ್ತಿಲ್ಲ. ನಾನು ಆ ಮಾತನ್ನು ಬಿಗಿಯಾಗಿ ಹಿಡಿದುಕೊಂಡೆ, ಎಂಟು ತಿಂಗಳು ಅದರ ಮೇಲೆ ಬದುಕಿದೆ.

ಆ ಎಂಟು ತಿಂಗಳು ಕಾಕಾಗೆ ಒಂದು ಹೊಸ ಚಾಳಿ ಹತ್ತಿತು. ಎಲ್ಲಿ ಹೋದರೂ ಕೂರುವ ಮುನ್ನ ಗೋಡೆಯನ್ನು ಗೆಣ್ಣಿನಿಂದ ಬಡಿದು ನೋಡುವುದು. ಚಹಾದಂಗಡಿಯ ಗೋಡೆ, ಮಸೀದಿಯ ಗೋಡೆ, ಬಸ್ ನಿಲ್ದಾಣದ ಕಂಬ. ಮಕ್ಕಳು ಅವರ ಹಿಂದೆ ಹೋಗಿ ತಾವೂ ಬಡಿದು ನಗುತ್ತಿದ್ದರು. ಅವರು ನಮ್ಮ ಮನೆಗೆ ಬಂದಾಗ ಅವ್ವ ಹಾಕಿದ ಚಾಪೆಯ ಮೇಲೆ ಕೂರುವ ಮುಂಚೆ ಗೋಡೆ ಬಡಿಯುತ್ತಿದ್ದ ಶಬ್ದ ನನಗೆ ಒಳಕೋಣೆಗೆ ಕೇಳುತ್ತಿತ್ತು. ನಾನು ತಲೆನೋವು ಎಂದು ಹೇಳಿ ಹೊರಗೆ ಬರುತ್ತಿರಲಿಲ್ಲ.

ಎಂಟನೇ ತಿಂಗಳ ಒಂದು ಮಂಗಳವಾರ ಗಣಿಯ ವ್ಯವಸ್ಥಾಪಕರು ನನ್ನನ್ನು ಕರೆದರು. ಬರುವ ಸೋಮವಾರ ಹದಿನೇಳನೇ ಹಂತದ ಮೂಡಣ ಸುರಂಗವನ್ನು ಮತ್ತೆ ತೆರೆಯುವುದಿತ್ತು. ಕನ್ನಡಿ ಹಸಿರು ತೋರಿಸುತ್ತಿದೆ, ಆರು ಜನ ಇಳಿಯುತ್ತಾರೆ. ಅಮರೇಶನ ಮನೆಯಲ್ಲಿರುವ ದೀಪ ಅದೇ ಜಾಗದ್ದು. ಅದನ್ನು ವಾಪಸು ತಂದು ಹೊಸಬರ ಮನೆಗೆ ಕೊಡಬೇಕು. “ನೀನಾದ್ರ ಊರಾಕಿ, ನಾಜೂಕಾಗಿ ಕೇಳಿ ತಗೊಂಡು ಬಾ,” ಎಂದರು.

ಅಮರೇಶನ ತಾಯಿ ನಾಗಲಮ್ಮ ಒಬ್ಬರೇ ಇದ್ದರು. ಗೂಡಿನಲ್ಲಿ ದೀಪ ಉರಿಯುತ್ತಿತ್ತು, ಹಸಿರು. ಎಂಟು ತಿಂಗಳಿಂದಲೂ ಅವರು ಅದನ್ನು ಆರಿಸಿರಲಿಲ್ಲ. ನಾನು ಬಂದ ಕಾರಣ ಹೇಳುವ ಮೊದಲೇ ಅವರು ದೀಪದ ಕಡೆ ಕೈ ಮಾಡಿದರು.

“ನೀನ ಮಾಡಿದ್ದಲ್ಲವ್ವಾ ಇದು? ನೀ ಹೇಳು. ಅವತ್ತ ನಾ ಇಲ್ಲೇ ಕುಂತಿದ್ದೆ. ಹನ್ನೆರಡೂವರಿಗೆ ಗುಂಡಿ ಒತ್ತಿದೆ, ಎರಡ ಸಲ ಮಿಣಕ್ ಅಂತು. ಹಸಿರ ಇತ್ತು. ಅವನ ಹೆಣ ಬಾಗಲಿಗೆ ಬಂದಾಗೂ ಹಸಿರ ಇತ್ತು. ಇವತ್ತಿಗೂ ಐತಿ. ಹಸಿರ ಇದ್ದ ಮ್ಯಾಲ ಅವ ಹೆಂಗ ಸತ್ತ?”

ಅವರು ಕೊಟ್ಟ ನೀರಿನ ಲೋಟವನ್ನು ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

“ಆ ಮೌಲಾಸಾಬ ಕೊಂದ,” ಎಂದರು ನಾಗಲಮ್ಮ. “ಮೂವತ್ತ ವರ್ಷ ಇಬ್ಬರ ಮನ್ಯಾಗೂ ಒಂದ ಹಬ್ಬ ಮಾಡಿವಿ. ಅವನ ಹೇಣ್ತಿ ಬಾಣಂತನ ನಾ ಮಾಡೀನಿ. ಈಗ ಅವ ಅಂಗಳದಾಗ ಬಂದ ನಿಂದರತಾನ, ಒಳಗ ಬಾ ಅನ್ನಂಗಿಲ್ಲ ನಾ. ದೀಪ ಸುಳ್ಳ ಹೇಳಂಗಿಲ್ಲ, ಮನಷ್ಯಾ ಹೇಳ್ತಾನ.”

ದೀಪ ಒಯ್ಯಲು ಬಂದೆ ಎಂದು ನನ್ನ ಬಾಯಿಂದ ಬರಲಿಲ್ಲ. ನಾನೇ ತಪ್ಪಿತಸ್ಥೆ ಎಂದೂ ಬರಲಿಲ್ಲ. ನೀರು ಕುಡಿದು ಎದ್ದು ಬಂದೆ, ಹೇಡಿ. ಆದರೆ ಸೋಮವಾರ ಆರು ಜನ ಆ ಗೋಡೆಗೆ ಬೆನ್ನು ಹಚ್ಚಿ ಕೂರುತ್ತಾರೆ ಎಂಬುದು ಬೆನ್ನು ಬಿಡಲಿಲ್ಲ. ಬುಧವಾರ ಬೆಳಿಗ್ಗೆಯ ಬಸ್ಸಿಗೆ ವಿಶ್ವವಿದ್ಯಾಲಯಕ್ಕೆ ಹೋದೆ.

ಮೇಡಂ ಈ ಸಲ ಪ್ರಬಂಧ ತೆಗೆಯಲಿಲ್ಲ. ಬಿಳಿ ಹಾಳೆ ತೆಗೆದರು. ಬಿಟ್ಟ ಪದವನ್ನು ಹಾಗೆಯೇ ಸೇರಿಸಿದರೆ ಮತ್ತೆ ನಲವತ್ತು ನಿಮಿಷ. ಅದು ಯಾರಿಗೂ ಪ್ರಯೋಜನವಿಲ್ಲ. ಅಂಚನ್ನು ಮಾತ್ರ ಬೇರೆ ಮಾಡಿ, ಅದಕ್ಕೇ ಒಂದು ಹಿಗ್ಗಿದ ಅಳತೆಗೋಲು ಕೊಟ್ಟು, ಅಲ್ಲಿನ ಉತ್ತರವನ್ನು ನಡುವಿನ ಉತ್ತರಕ್ಕೆ ಹೊಲಿಯಬೇಕು. ಮೂರು ದಿನ, ಬೆಳಗಿನಿಂದ ಸಂಜೆಯವರೆಗೆ ಕೂತೆವು. ಶುಕ್ರವಾರ ನಾಲ್ಕು ಗಂಟೆಗೆ ಯಂತ್ರಕ್ಕೆ ಹಾಕಿದೆವು. ಮೂರು ಸೆಕೆಂಡಿನ ಲೆಕ್ಕ ನಾಲ್ಕು ಸೆಕೆಂಡಾಯಿತು.

ಒಂದೇ ಒಂದು ಸೆಕೆಂಡು. ಹೊಲಿಯುವ ಆ ವಿಧಾನ ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ, ಕೆಂಪು ಗೆರೆ ಎಳೆದ ಪುಟದ ಹಿಂದಿನ ಮಗ್ಗುಲಲ್ಲೇ, ನನ್ನದೇ ಅಕ್ಷರದಲ್ಲಿ ಇತ್ತು. ಪುಟ ತಿರುಗಿಸಿರಲಿಲ್ಲ.

ಮೇಡಂ ಅಪಘಾತದ ದಿನದ ಅಂಕಿಗಳನ್ನು ಹೊಸ ಸಮೀಕರಣಕ್ಕೆ ಕೊಟ್ಟರು. ಬೇಡ ಎನ್ನಬೇಕೆಂದುಕೊಂಡೆ, ಆಗಲಿಲ್ಲ. ಮಾಳಿಗೆಯ ನಡುಭಾಗ ಹಸಿರಾಗಿಯೇ ಉಳಿಯಿತು. ಮೂಲೆಯುದ್ದಕ್ಕೂ ಒಂದು ಕೆಂಪು ಪಟ್ಟಿ ಎದ್ದಿತು, ಹನ್ನೆರಡು ಇಪ್ಪತ್ತೊಂದಕ್ಕೆ. ಬಂಡೆ ಬೀಳುವ ಹತ್ತೊಂಬತ್ತು ನಿಮಿಷ ಮೊದಲು. ನಾಗಲಮ್ಮ ಗುಂಡಿ ಒತ್ತುವ ಒಂಬತ್ತು ನಿಮಿಷ ಮೊದಲು.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಸಾಕು ಅಂದಾಕಿ ನಾನು,” ಎಂದರು. “ಪತ್ರದಾಗ ನನ್ನ ಹೆಸರೂ ಬರಿ.”

ಶನಿವಾರ ಬೆಳಿಗ್ಗೆ ಊರಿಗೆ ಬಂದವಳು ಮೊದಲು ಹೋಗಿದ್ದು ಕಾಕಾನ ಮನೆಗೆ. ಅವರು ಕಟ್ಟೆಯ ಮೇಲೆ ಕೂತು ಖಡಕ್ ರೊಟ್ಟಿ ತಿನ್ನುತ್ತಿದ್ದರು. ನಾನು ತಟ್ಟೆಯಿಂದ ಒಂದು ರೊಟ್ಟಿ ತೆಗೆದುಕೊಂಡು, ಅದರ ಅಂಚನ್ನು ಕಟ್ಟೆಗೆ ಒತ್ತಿ ಹಿಡಿದು, ಉಳಿದ ಭಾಗವನ್ನು ಗಾಳಿಯಲ್ಲಿ ಬಿಟ್ಟು, ತುದಿಯನ್ನು ಬೆರಳಿನಿಂದ ಅದುಮಿದೆ. ಹಿಡಿದ ಕೈಯ ಪಕ್ಕದಲ್ಲೇ ಚಟ್ ಎಂದು ಮುರಿಯಿತು.

“ಕಾಕಾ, ಇದು ಎಲ್ಲಿ ಮುರೀತು?”

“ಹಿಡದ ಕಡೆ. ಅಲ್ಲೇ ಮುರೀತೈತಿ. ಅದಕ್ಕ ಲೆಕ್ಕಾ ಓದಬೇಕೇನು? ನಮ್ಮನಿ ಹೆಣ್ಣಮಕ್ಕಳಿಗೂ ಗೊತ್ತೈತಿ.”

“ನನ್ನ ಲೆಕ್ಕಕ್ಕ ಗೊತ್ತಿರಲಿಲ್ಲ ಕಾಕಾ. ನಾ ಅದನ್ನ ಬಿಟ್ಟಿದ್ದೆ. ಗೊತ್ತಿದ್ದು ಬಿಟ್ಟಿದ್ದೆ. ಮೂಲ್ಯಾಗ ಆ ದೀಪಕ್ಕ ಏನೂ ಕಾಣತಿದ್ದಿಲ್ಲ. ಅಮರೇಶನ್ನ ಕೊಂದಾಕಿ ನಾನು, ನೀವಲ್ಲ.”

ಕಾಕಾ ರೊಟ್ಟಿಯ ಚೂರುಗಳನ್ನು ಒಂದೊಂದಾಗಿ ಆರಿಸಿ ತಟ್ಟೆಗೆ ಹಾಕಿದರು.

“ಎಷ್ಟ ಅಗಲ ಬಿಟ್ಟಿದ್ದಿ?”

ನಾನು ಎರಡೂ ಕೈ ಅಗಲಿಸಿ ತೋರಿಸಿದೆ. ಒಂದೂವರೆ ಮೊಳ. ಅವರು ನನ್ನ ಕೈಗಳ ನಡುವಿನ ಜಾಗವನ್ನೇ ನೋಡಿದರು.

“ಒಬ್ಬ ಮನಷ್ಯಾ ಗ್ವಾಡಿಗೆ ಬೆನ್ನ ಹಚ್ಚಿ ಕುಂತ್ರ, ಸರಿಯಾಗಿ ಇಷ್ಟ ಜಾಗಾ ಬೇಕು,” ಎಂದರು.

ಆಮೇಲೆ ಅವರಿಗೆ ಸಿಟ್ಟು ಬಂತು. ಅವರು ಸಿಟ್ಟಾಗಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. “ಲೆಕ್ಕಾ ತಪ್ಪೂದು ತಪ್ಪತೈತಿ. ನಾನೂ ಬಡೀಲಿಲ್ಲ, ಅದು ನನ್ನ ತಪ್ಪ, ಅದನ್ನ ನೀ ತಗೋಬ್ಯಾಡ. ಆದ್ರ ಎಂಟ ತಿಂಗಳ! ಎಂಟ ತಿಂಗಳ ನನ್ನ ಮಾರಿ ನೋಡಕೋಂತ ಸುಮ್ಮನಿದ್ದಿಯಲ್ಲಾ ಹುಲಿಗೆವ್ವಾ. ಹುಡುಗ್ರು ನಕ್ಕಾಗ ಕಿಟಕ್ಯಾಗ ನಿಂತು ನೋಡತಿದ್ದಿ. ನಾ ನಿನ್ನ ಟ್ರಂಕು ಹೊತ್ತಿದ್ದೆ ಇದಕ್ಕೇನು?”

ನಾನು ಅವರ ಕಾಲು ಮುಟ್ಟಲು ಬಾಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

“ನನ್ನ ಕಾಲ ಆಮ್ಯಾಲ. ಮೊದಲ ಆ ಆರ ಮಂದೀನ ನಿಂದರಸು. ಆಮ್ಯಾಲ ನಾಗಲಮ್ಮನ ಮನಿಗೆ ಹೋಗು. ನಾ ಹೇಳಂಗಿಲ್ಲ, ನೀನ ಹೇಳಬೇಕು.”

ವ್ಯವಸ್ಥಾಪಕರ ಮುಂದೆ ಪತ್ರ ಇಟ್ಟೆ. ಲೆಕ್ಕ, ತಪ್ಪು, ನನ್ನ ಹೆಸರು, ಮೇಡಂ ಹೆಸರು, ಮೌಲಾಸಾಬರ ಮೇಲಿನ ಆರೋಪ ಹಿಂತೆಗೆಯಬೇಕು ಎಂಬ ವಿನಂತಿ, ಎಲ್ಲ ಇತ್ತು. ಇದರ ಪ್ರತಿಯನ್ನು ವಿಚಾರಣಾಧಿಕಾರಿಗೂ ಕಳಿಸಿದ್ದೇನೆ ಎಂದಾಗ ಅವರು ಬೈಯಲು ತೆರೆದ ಬಾಯಿ ಮುಚ್ಚಿದರು. ಸುರಂಗ ತೆರೆಯುವುದನ್ನು ತಡೆದರು. ನನ್ನ ಗುರುತಿನ ಚೀಟಿ ತೆಗೆದುಕೊಂಡರು, ಅದು ನ್ಯಾಯವೇ. ಹೊಸ ಸಮೀಕರಣವನ್ನು ಭಾನುವಾರ ಮಧ್ಯಾಹ್ನ ಹನ್ನೆರಡು ಗಂಟೆಗೆ ಯಂತ್ರಕ್ಕೆ ಹಾಕುವುದೆಂದು ತೀರ್ಮಾನವಾಯಿತು.

ಭಾನುವಾರ ಹನ್ನೊಂದೂವರೆಗೆ ನಾಗಲಮ್ಮನ ಮನೆಗೆ ಹೋದೆ. ಕಾಕಾ ನನ್ನ ಹಿಂದೆ ಬಂದು ಅಂಗಳದಲ್ಲೇ ನಿಂತರು. ನಾನು ಒಳಗೆ ಹೋಗಿ, ಕೂರದೆ, ನಿಂತುಕೊಂಡೇ ಎಲ್ಲ ಹೇಳಿದೆ. ಮಿರ್ಚಿ ಭಜಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಸಣ್ಣ ಪದ, ನಲವತ್ತು ನಿಮಿಷ, ಅಡಿಟಿಪ್ಪಣಿ, ವಿಚಾರಣೆಯಲ್ಲಿ ಆಡಿದ ಎರಡು ಮಾತು, ಹತ್ತೊಂಬತ್ತು ನಿಮಿಷ. ಕ್ಷಮಿಸಿ ಎಂದು ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ನಾಗಲಮ್ಮ ಅಳಲಿಲ್ಲ, ಬೈಯಲಿಲ್ಲ. “ಹಂಗಾರ ದೀಪ ಸುಳ್ಳ ಹೇಳತಿತ್ತೇನು?” ಎಂದು ಮೆಲ್ಲಗೆ ಕೇಳಿದರು.

“ಹೂಂ ಅತ್ತೀ. ದೀಪಕ್ಕ ಸುಳ್ಳ ಕಲಿಸಿದಾಕಿ ನಾನು.”

ಅವರು ಬಾಗಿಲಾಚೆ ನೋಡಿದರು. ಕಾಕಾ ಬಿಸಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು. ನಾಗಲಮ್ಮ ಏನೋ ಹೇಳಲು ಹೋದರು. ಅಷ್ಟರಲ್ಲಿ ಗೂಡಿನಲ್ಲಿ ದೀಪದ ಬಣ್ಣ ಬದಲಾಯಿತು. ಹನ್ನೆರಡು ಗಂಟೆಯಾಗಿತ್ತು. ಎಂಟು ತಿಂಗಳ ಹಸಿರು ಹೋಗಿ, ಅಡುಗೆಮನೆಯ ಗೋಡೆಯ ಮೇಲೆ, ಪಾತ್ರೆಗಳ ಮೇಲೆ, ಅವರ ಮುಖದ ಮೇಲೆ ಕೆಂಪು ಬಿತ್ತು.

ದೀಪ ಕೆಂಪಾದರೆ ಏನು ಮಾಡಬೇಕು ಎಂದು ಲೈನಿನ ಎಲ್ಲ ಹೆಂಗಸರನ್ನೂ ಕೂರಿಸಿಕೊಂಡು ಕಲಿಸಿಕೊಟ್ಟವಳು ನಾನೇ. ನಾಗಲಮ್ಮ ಮುಂದಿನ ಸಾಲಿನಲ್ಲಿ ಕೂತು, ಎರಡು ಸಲ ಕೇಳಿ ತಿಳಿದುಕೊಂಡಿದ್ದರು. ಅವರು ಈಗ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು, ಗೂಡಿನ ಹತ್ತಿರ ಹೋಗಿ, ಗುಂಡಿ ಒತ್ತಿದರು.

ಒತ್ತಿ ದೀಪವನ್ನೇ ನೋಡುತ್ತ ನಿಂತರು. ದೀಪ ಮಿಣುಕಲಿಲ್ಲ.

“ಇನ್ನೊಮ್ಮಿ ಒತ್ತಲೇನವ್ವಾ?” ಎಂದು ನನ್ನ ಕಡೆ ತಿರುಗಿ ಕೇಳಿದರು. ಯಂತ್ರದ ವಿಷಯ ಬಲ್ಲವಳು ಆ ಮನೆಯಲ್ಲಿ ನಾನೊಬ್ಬಳೇ ಇದ್ದೆ.

ಅವರು ಮತ್ತೆ ಒತ್ತಿದರು.